ಕೈಯ ವಿದ್ಯೆ, ಕಿವಿಯ ವಿದ್ಯೆ

ವೈದ್ಯಶಿಕ್ಷಣವನ್ನು ಕುರಿತು ಮಾತನಾಡಲು, ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೇನು ಅಧಿಕಾರವೆಂದು ಕೇಳುಗರು ಶಂಕಿಸಬಹುದು. ಆ ವಿದ್ಯೆಯ ಒಂದು ಪಾಲು ಮಾತಿಗೆ ಸೇರಿದ್ದು; ಅಷ್ಟರ ಮಟ್ಟಿಗೆ ನನಗೂ ಅಲ್ಲಿ ಪ್ರವೇಶವುಂಟು.

ವೈದ್ಯವನ್ನು ಗ್ರಂಥದಿಂದಲೇ ಕಲಿಯಲಾಗದೆಂಬುದು ಹಳೆಯ ತಿಳಿವಳಿಕೆ. ಶಸ್ತ್ರವಿದ್ಯೆಯ ಶಿಷ್ಯನು ರೋಗಿಯ ಮೈಮುಟ್ಟುವ ಮೊದಲು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನೂ, ದಪ್ಪಬಟ್ಟೆಯ ಮೇಲೆ ಹೊಲಿಯುವುದನ್ನೂ, ಬಟ್ಟೆಯ ಗೊಂಬೆಗೆ ಪಟ್ಟಿ ಕಟ್ಟುವುದನ್ನೂ ರೂಢಿಸಿಕೊಳ್ಳಬೇಕೆಂದು ಸುಶ್ರುತಸಂಹಿತೆ ವಿಧಿಸುತ್ತದೆ. ಶಾಸ್ತ್ರವನ್ನೆಲ್ಲ ಓದಿದವನಿಗೂ ಈ ಅಭ್ಯಾಸದಿಂದ ವಿನಾಯಿತಿಯಿಲ್ಲ.

ಕೈ ಪಳಗಿದರೆ ಸಾಲದು, ಕಿವಿಯೂ ಪಳಗಬೇಕು. ಎದೆಯನ್ನು ಬೆರಳಿನಿಂದ ತಟ್ಟಿ, ಹೊರಟ ನಾದದಿಂದ ಒಳಗಿನ ರೋಗವನ್ನು ಊಹಿಸುವ ಕ್ರಮವನ್ನು ವಿಯೆನ್ನಾದ ವೈದ್ಯ ಔವೆನ್‌ಬ್ರುಗರ್ ೧೭೬೧ರಲ್ಲಿ ಪ್ರಕಟಿಸಿದನು. ಬಹುಕಾಲ ಅದಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ. ೧೮೦೮ರಲ್ಲಿ ಕಾರ್ವಿಸಾರ್ ಅದನ್ನು ಫ್ರೆಂಚಿಗೆ ಅನುವಾದಿಸಿದ ಮೇಲೆ ಪ್ರಚಾರಕ್ಕೆ ಬಂದಿತು. ೧೮೧೬ರಲ್ಲಿ ಪ್ಯಾರಿಸಿನ ಲೆನೆಕ್, ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದನು. ಅದೇ ಸ್ಟೆತೊಸ್ಕೋಪಿನ ಮೊದಲ ರೂಪ. ೧೮೯೦ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದು, ರೋಗಿಯ ಮಂಚದ ಪಕ್ಕವನ್ನೇ ತರಗತಿಯಾಗಿಸಿದನು.

ಮಂಚದ ಬಳಿ ವಿದ್ಯಾರ್ಥಿಗೆ ಮೊದಲು ದೊರೆಯುವುದು ರೋಗಿಯ ಮಾತು. ನಮ್ಮ ನಾಡಿನ ಕಷ್ಟ ಇಲ್ಲಿಂದ ಆರಂಭ. ವಿದ್ಯಾರ್ಥಿ ಓದುವುದು ಇಂಗ್ಲಿಷಿನಲ್ಲಿ, ರೋಗಿ ನರಳುವುದು ಕನ್ನಡದಲ್ಲಿ. ‘ಉಸಿರೆಳೆದರೆ ಚಳುಕು ಹೊಡೆಯುತ್ತೆ’ ಎನ್ನುತ್ತಾಳೆ ಒಬ್ಬಳು. ‘ನಾಲ್ಕು ಹೆಜ್ಜೆ ನಡೆದರೆ ಎದೆ ಹಿಂಡಿದಂಗಾಗುತ್ತೆ, ನಿಂತರೆ ಸರಿಹೋಗುತ್ತೆ’ ಎನ್ನುತ್ತಾನೆ ಇನ್ನೊಬ್ಬ. ‘ಉಂಡ ಮೇಲೆ ಎದೆಯೆಲ್ಲ ಉರಿ’ ಎನ್ನುತ್ತಾನೆ ಮತ್ತೊಬ್ಬ. ಮೊದಲ ಮಾತು ಶ್ವಾಸಕೋಶದ ಪೊರೆಯತ್ತ, ಎರಡನೆಯದು ಹೃದಯದ ರಕ್ತನಾಳಗಳತ್ತ, ಮೂರನೆಯದು ಜಠರದ ಆಮ್ಲದತ್ತ ಬೆರಳು ತೋರಿಸುತ್ತಿರಬಹುದು. ಮೂರನ್ನೂ ‘ಎದೆನೋವು’ ಎಂದು ಒಂದೇ ಪದದಲ್ಲಿ ಬರೆದುಕೊಂಡರೆ, ರೋಗಿ ಕೊಟ್ಟ ಸುಳಿವು ಅಲ್ಲಿಗೇ ಕಳೆದುಹೋಗುತ್ತದೆ. ಎರಡನೆಯವನ ವಿಷಯದಲ್ಲಿ ಆ ನಷ್ಟ ಪ್ರಾಣನಷ್ಟವೇ ಆದೀತು.

೨೦೧೯ರಲ್ಲಿ ನಮ್ಮ ದೇಶದ ವೈದ್ಯಪದವಿಯ ಪಠ್ಯಕ್ರಮ ಪರಿಷ್ಕೃತವಾದಾಗ, ರೋಗಿಯೊಡನೆ ವರ್ತಿಸುವ, ಮಾತನಾಡುವ ಬಗೆಗೂ ಅದರಲ್ಲಿ ಸ್ಥಾನ ದೊರೆಯಿತು. ಸಂತೋಷದ ವಿಷಯ. ಆದರೆ ಅದು ಪುಸ್ತಕದ ಮತ್ತೊಂದು ಅಧ್ಯಾಯವಾಗಿ ಉಳಿದರೆ ಫಲವಿಲ್ಲ. ಹಿರಿಯ ವೈದ್ಯರು ರೋಗಿಯ ಮಾತನ್ನು ನಡುವೆ ತಡೆಯದೆ ಕೇಳುವುದನ್ನು ಕಿರಿಯರು ದಿನವೂ ಕಾಣಬೇಕು. ‘ಚಳುಕು ಅಂದರೆ ಹೇಗಮ್ಮಾ?’ ಎಂದು ಮರಳಿ ಕೇಳುವ ವ್ಯವಧಾನ ವಿದ್ಯಾರ್ಥಿಗೆ ಬಂದ ದಿನ ಪಾಠ ಸಾರ್ಥಕವಾಯಿತೆನ್ನಬೇಕು. ಕುಂಬಳದ ಮೇಲೆ ಕೈಯನ್ನು ಪಳಗಿಸಬಹುದು. ಕಿವಿ ಪಳಗುವುದು ರೋಗಿಯ ಬಳಿಯಲ್ಲಿ ಮಾತ್ರ.