ಧಾರಾವಾಹಿಯ ಹೆಣ್ಣು ಮತ್ತು ನಮ್ಮ ಮನೆಗಳ ಮೌನ



ಟಿ.ವಿ. ಧಾರಾವಾಹಿಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಕೇಳಿಬರುವ ಆಕ್ಷೇಪ ಹೆಚ್ಚಾಗಿ ಉಡುಪಿನದ್ದು. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಮೈತುಂಬ ಸೆರಗು ಹೊದ್ದ ಪಾತ್ರವೂ ಹೆಣ್ಣಿನ ಕುರಿತು ದೊಡ್ಡದೊಂದು ಸುಳ್ಳನ್ನು ಮನೆಮನೆಗೆ ಮುಟ್ಟಿಸಬಲ್ಲದು. ಅದನ್ನು ನಾವು ಗಮನಿಸಿದ್ದು ಕಡಿಮೆ.

2000ರಿಂದ 2008ರವರೆಗೆ ನಡೆದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯ ಮೊದಲ ಸರಣಿ ಮತ್ತು 2001ರಲ್ಲಿ ಆರಂಭವಾದ ‘ಕಸೌಟಿ ಝಿಂದಗೀ ಕೀ’ಯನ್ನು ನೆನಪಿಸಿಕೊಳ್ಳಿ. ಕಣ್ಣೀರು ಸುರಿಸಿ ಸಹಿಸುವ ತುಳಸಿ ಒಂದು ಕಡೆ, ಸಿಂಗರಿಸಿಕೊಂಡು ಸಂಚು ಹೂಡುವ ಕೊಮೊಲಿಕಾ ಇನ್ನೊಂದು ಕಡೆ. ತನಗೇನು ಬೇಕೆಂದು ಬಾಯಿಬಿಟ್ಟು ಹೇಳುವವಳು ಖಳನಾಯಕಿಯೇ ಆಗಬೇಕೆಂಬುದು ಅಲ್ಲಿನ ಅಲಿಖಿತ ನಿಯಮ. ಆದರೂ ಅದೇ ತುಳಸಿ, ಹೆಂಡತಿಯ ಮೇಲೆ ಬಲಾತ್ಕಾರ ನಡೆಸಿದ ಸ್ವಂತ ಮಗನ ವಿರುದ್ಧ ಸೊಸೆ ನಂದಿನಿಯ ಪರ ನಿಂತದ್ದನ್ನೂ ಹೇಳಬೇಕು. ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲಾತ್ಕಾರವನ್ನು ಅತ್ಯಾಚಾರವೆಂದು ಎಣಿಸದ ವಿನಾಯಿತಿಯು 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದುಕೊಂಡಿದೆ. ಕಾನೂನು ಎತ್ತದ ಪ್ರಶ್ನೆಯನ್ನು ಧಾರಾವಾಹಿಯೊಂದು ಎತ್ತಿತ್ತು.

ಇನ್ನು ಪಾಕಿಸ್ತಾನದ ಧಾರಾವಾಹಿಗಳು. ಉರ್ದು ಬಲ್ಲ ನಮ್ಮ ಕುಟುಂಬಗಳಿಗೆ ಇವು ಅಪರಿಚಿತವಲ್ಲ. ಹಸೀನಾ ಮೊಯಿನ್ ಬರೆದ ‘ಧೂಪ್ ಕಿನಾರೆ’ 1987ರಲ್ಲಿ, ಅಂದರೆ ಜನರಲ್ ಝಿಯಾ ಉಲ್ ಹಕ್‌ರ ಆಡಳಿತ ಕಾಲದಲ್ಲಿ ಪ್ರಸಾರವಾಯಿತು. ಅದರ ನಾಯಕಿ ಝೋಯಾ ವೈದ್ಯೆ; ನಗುತ್ತಾಳೆ, ಎಡವುತ್ತಾಳೆ, ಹಿರಿಯ ವೈದ್ಯನೊಂದಿಗೆ ವಾದಕ್ಕಿಳಿಯುತ್ತಾಳೆ. ಇಷ್ಟಾದರೂ ಅವಳು ಕೆಟ್ಟವಳಲ್ಲ. ‘ಝಿಂದಗೀ’ ವಾಹಿನಿ 2014ರಲ್ಲಿ ‘ಝಿಂದಗೀ ಗುಲ್ಝಾರ್ ಹೈ’ಯನ್ನು ಭಾರತಕ್ಕೆ ತಂದಾಗ, ಗಂಡು ಮಗುವಿಲ್ಲವೆಂದು ತಂದೆ ಇನ್ನೊಂದು ಮದುವೆಯಾದ ಮನೆಯ ಮಗಳು ಕಶಫ್ ಓದಿ ಅಧಿಕಾರಿಯಾಗುವ ಕಥೆ ಅನೇಕ ತಾಯಂದಿರ ಮನಸ್ಸು ತಟ್ಟಿತು. ನಮಗೂ ಅದು ಮೆಚ್ಚುಗೆಯಾಯಿತು. ಆದರೆ ಕಶಫ್‌ಳನ್ನು ಎತ್ತರಿಸಲು ನಾಯಕನ ದುಡಿಯುವ ತಾಯಿ ಮತ್ತು ಅಕ್ಕರೆಯ ಸೋದರಿಯನ್ನು ಸಂಸಾರ ಕೆಡಿಸುವವರಂತೆ ಚಿತ್ರಿಸಿದ್ದು ನ್ಯಾಯವೇ? ಅದೇ ಹಳೆಯ ಎರಡು ಅಚ್ಚು, ಇಲ್ಲಿ ದುಪಟ್ಟಾ ಹೊದ್ದು ಬಂದಿತ್ತು.

ನಾವು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ‘ಉಡಾರಿ’ಯ ಬಗ್ಗೆ. ಫರ್ಹತ್ ಇಶ್ತಿಯಾಕ್ ಬರೆದ ಈ ಧಾರಾವಾಹಿ 2016ರಲ್ಲಿ ಹಮ್ ಟಿ.ವಿ.ಯಲ್ಲಿ ಬಂತು. ಹಳ್ಳಿಯ ವಿಧವೆ ಸಾಜಿದಾ ಮರುಮದುವೆಯಾಗುತ್ತಾಳೆ. ಮಲತಂದೆ ಇಮ್ತಿಯಾಝ್ ನೋಡುವವರಿಗೆ ಸಭ್ಯ. ಅವನು ಪುಟ್ಟ ಝೇಬೋಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುತ್ತಾನೆ. ನಿರ್ದೇಶಕ ಎಹ್ತೆಶಾಮುದ್ದೀನ್ ಕೃತ್ಯವನ್ನು ತೋರಿಸುವ ಗೋಜಿಗೆ ಹೋಗಲಿಲ್ಲ. ಅವರು ತೋರಿಸಿದ್ದು ಮಗುವಿನ ಹೆದರಿಕೆಯನ್ನು, ಸತ್ಯ ತಿಳಿದ ಮೇಲೆ ತಾಯಿ ತುಳಿಯಬೇಕಾಗಿ ಬಂದ ಹಾದಿಯನ್ನು. ಹಾಗಿದ್ದೂ ಅಲ್ಲಿನ ಮಾಧ್ಯಮ ನಿಯಂತ್ರಣ ಸಂಸ್ಥೆ ಪೆಮ್ರಾ ವಾಹಿನಿಗೆ ಕಾರಣ ಕೇಳಿ ನೋಟಿಸು ಕಳುಹಿಸಿತು. ಬೆಂಬಲಕ್ಕೆ ಬಂದವರು ಬಹಳ ಮಂದಿ, ಧಾರಾವಾಹಿ ನಿಲ್ಲಲಿಲ್ಲ.

ಆ ನೋಟಿಸಿನ ಹಿಂದಿನ ಮನೋಭಾವ ನಮ್ಮ ಊರುಗಳಲ್ಲಿ ಇಲ್ಲವೇ? ‘ಮನೆಮಂದಿ ಕೂತು ನೋಡುವ ಹೊತ್ತಿನಲ್ಲಿ ಇದೆಲ್ಲ ಏಕೆ?’ ಎನ್ನುತ್ತೇವೆ. ಮಗುವಿಗೆ ಅಪಾಯ ಒದಗುವುದೂ ಎಷ್ಟೋ ಸಲ ಅದೇ ಮನೆಮಂದಿಯ ನಡುವೆ. ನಾಚಿಕೆ ಸದ್ಗುಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡೆದದ್ದನ್ನು ತಾಯಿಯ ಬಳಿ ಹೇಳಲು ಮಗುವಿಗೆ ಪದಗಳೇ ಸಿಗದಂತೆ ಮಾಡುವುದು ನಾಚಿಕೆಯಲ್ಲ. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆಯು ಇಂತಹ ಕೃತ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ವಿಧಿಸುತ್ತದೆ. ಮುಚ್ಚಿಟ್ಟರೆ ಅದೂ ಶಿಕ್ಷಾರ್ಹ. ‘ಮನೆಯ ಮರ್ಯಾದೆ’ಗಾಗಿ ರಾಜಿ ಪಂಚಾಯಿತಿ ನಡೆಸುವ ಹಿರಿಯರಿಗೆ ಇದು ತಿಳಿದಿದೆಯೇ ಎಂಬ ಸಂದೇಹ ನಮಗಿದೆ.

ಆದ್ದರಿಂದ ಯಾವ ಧಾರಾವಾಹಿ ಬೇಡವೆಂದು ಪಟ್ಟಿ ಮಾಡುವ ಮೊದಲು, ಈ ಸಭೆಯಲ್ಲಿ ‘ಉಡಾರಿ’ ನೋಡಿದ ತಾಯಂದಿರಿದ್ದರೆ ಮಕ್ಕಳೊಂದಿಗೆ ಅದರ ಬಗ್ಗೆ ಮಾತನಾಡಲು ಸಾಧ್ಯವಾಯಿತೇ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇವೆ. ಉಳಿದ ಸಮಯ ಅವರದ್ದು.