ಮಗುವಿನ ಹೊಟ್ಟೆನೋವು ಹೇಳುವುದೇನು?



ಗಜೇಂದ್ರಗಡ ತಾಲ್ಲೂಕಿನ ಮುಶಿಗೇರಿಯಂತಹ ಊರೊಂದನ್ನು ನೆನೆಯಿರಿ. ಮಳೆ ನಂಬಿದ ಬೇಸಾಯ. ಮಳೆ ಕೈಕೊಟ್ಟರೆ ಈ ಸೀಮೆಯ ಜನ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುವುದುಂಟು. ಅಂಥ ಮನೆಯ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ದಿನವೂ ಶಾಲೆಯ ಹೊತ್ತಿಗೆ "ಹೊಟ್ಟಿ ಕಡೀತೈತಿ" ಎನ್ನುತ್ತಾನೆ. ಭಾನುವಾರ ಮಾತ್ರ ನೋವಿಲ್ಲ. "ಸಾಲಿ ತಪ್ಪಿಸಾಕ ನೆವ ಮಾಡ್ತಾನ" ಎಂದು ಒಬ್ಬರು, "ದೃಷ್ಟಿ ಆಗೈತಿ" ಎಂದು ಇನ್ನೊಬ್ಬರು. ಎರಡು ತಿಂಗಳಲ್ಲಿ ಅವನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ.

ಅವನು ಸುಳ್ಳು ಹೇಳುತ್ತಿದ್ದಾನೆಯೇ? ವಿಜ್ಞಾನದ ಪಾಠವನ್ನು ನೆನಪಿಸಿಕೊಳ್ಳಿ. ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಎದೆಬಡಿತ ಹೆಚ್ಚುತ್ತದೆ. ರಕ್ತ ಸ್ನಾಯುಗಳತ್ತ ಹರಿದು, ಜಠರ ಮತ್ತು ಕರುಳಿನ ಕೆಲಸ ಏರುಪೇರಾಗುತ್ತದೆ. ಪರೀಕ್ಷೆಯ ಬೆಳಿಗ್ಗೆ ನಿಮಗೂ ಇದರ ಅನುಭವ ಆಗಿರಬೇಕು. ನಿಮ್ಮ ಭಯ ಪರೀಕ್ಷೆ ಮುಗಿದೊಡನೆ ಇಳಿಯುತ್ತದೆ. ಕೆಲವು ಮಕ್ಕಳಲ್ಲಿ ಅದು ಇಳಿಯದೆ ದಿನದಿನವೂ ಮರುಕಳಿಸುತ್ತದೆ. ಇದೇ ಆತಂಕದ ಕಾಯಿಲೆ. ಮೊದಲು ವೈದ್ಯರು ಹೊಟ್ಟೆಯನ್ನು ಪರೀಕ್ಷಿಸಲೇಬೇಕು. ಅಲ್ಲಿ ದೋಷ ಕಾಣದಿದ್ದರೂ ನೋವು ನಿಜವೇ ಎಂಬುದನ್ನು ಮರೆಯಬಾರದು.

ದೊಡ್ಡವರು "ಮನಸ್ಸಿಗೆ ಬೇಸರ" ಎಂದು ಬಾಯಿಬಿಟ್ಟು ಹೇಳಬಲ್ಲರು. ಮಕ್ಕಳಿಗೆ ಆ ಮಾತು ಸಿಗದು. ಅವರ ಖಿನ್ನತೆ ಎಷ್ಟೋ ಸಲ ಸಿಡುಕಾಗಿ ಕಾಣುತ್ತದೆ. ಒಂದೆಡೆ ಕೂರಲಾರದ, ಗಮನ ನಿಲ್ಲದ ಮಗುವಿಗೆ "ಪುಂಡ" ಎಂಬ ಹೆಸರು ಬೀಳುತ್ತದೆ. ಸಂಕಲನ ಕೊಠಡಿಯಲ್ಲಿ ನಾವು ಆಗಾಗ ಧ್ವನಿ ನಿಲ್ಲಿಸಿ ಚಿತ್ರವನ್ನಷ್ಟೇ ನೋಡುತ್ತೇವೆ. ಮಕ್ಕಳನ್ನೂ ಹಾಗೆ ನೋಡಬೇಕಾಗುತ್ತದೆ.

ಹಾಗಾದರೆ ತುಂಟತನ ಯಾವುದು, ಕಾಯಿಲೆ ಯಾವುದು? ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಬದಲಾವಣೆ ವಾರಗಟ್ಟಲೆ ಉಳಿದಿದೆಯೇ? ಊಟ, ನಿದ್ರೆ, ಆಟ, ಓದು ಕೆಟ್ಟಿವೆಯೇ? ಮಗು ತಾನೇ ಸಂಕಟಪಡುತ್ತಿದೆಯೇ? ಹೌದೆಂದಾದರೆ ಕಾಯಬಾರದು. ಸಾಯುವ ಮಾತನಾಡಿದರಂತೂ ಅದೇ ದಿನ ವೈದ್ಯರನ್ನು ಕಾಣಬೇಕು.

ಇದು ಅಪರೂಪದ ಸಂಗತಿಯಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತು. ಐವತ್ತು ಮಕ್ಕಳ ತರಗತಿಯಲ್ಲಿ ಮೂರ್ನಾಲ್ಕು ಮಂದಿ ಎಂದಾಯಿತು.

ನೆರವೂ ದೂರವಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೇ ತರಬೇತಿ ನೀಡಿ, ಮನೋರೋಗಗಳ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ತಂದಿತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಗದಗಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಚಿಕಿತ್ಸೆ ಎಂದರೆ ಬರೀ ಗುಳಿಗೆಯಲ್ಲ. ಆತಂಕದ ಮಗುವಿಗೆ ಮೊದಲು ಬೇಕಾದದ್ದು ಆಪ್ತಸಲಹೆ ಮತ್ತು ಹಂತಹಂತವಾಗಿ ಶಾಲೆಗೆ ಮರಳುವ ಅಭ್ಯಾಸ. ಇಂದು ಒಂದು ತಾಸು, ಮುಂದಿನ ವಾರ ಅರ್ಧ ದಿನ. ಮನೆಯಲ್ಲೇ ಉಳಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಹೊಡೆದು ಕಳಿಸಿದರೆ ಇಮ್ಮಡಿಯಾಗುತ್ತದೆ. ದೂರದಲ್ಲಿರುವ ಅಪ್ಪ-ಅವ್ವ ದಿನವೂ ಗೊತ್ತಾದ ಹೊತ್ತಿಗೆ ಫೋನು ಮಾಡಿದರೆ ಅದೂ ಒಂದು ಆಸರೆ.

ಇದೆಲ್ಲ ತಂದೆತಾಯಿಗಳಿಗೆ ಹೇಳಬೇಕಾದ ಮಾತು, ನಮಗೇಕೆ ಎನ್ನುವಿರಾ? ಮನೆಯಲ್ಲಿ ಓದಿದವರು ನೀವು. ತಮ್ಮನೋ ತಂಗಿಯೋ ಮೊದಲು ಬಾಯಿಬಿಡುವುದು ನಿಮ್ಮೆದುರಿಗೆ. ಇದನ್ನು ಹಿರಿಯರಿಗೆ ಓದಿ ಹೇಳಿ. ನಾಳೆ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂತವನ ಪಕ್ಕದಲ್ಲಿ ಕೂತು, "ಸಾಲ್ಯಾಗ ಏನಾತೋ ತಮ್ಮಾ?" ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.