ಡ್ರಾಯಿಂಗ್ ಶೀಟಿನ ಮೂಲೆಯ ಗುರುತು

ನಿಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ, ಮೊದಲ ವರ್ಷದ ಡ್ರಾಯಿಂಗ್ ಪುಸ್ತಕವನ್ನು ಒಮ್ಮೆ ಕೇಳಿ ತೆಗೆಸಿ ನೋಡಿ. ಅದರಲ್ಲಿ ಎಲ್ಲಾದರೂ ಒಂದು ಕಡೆ ಪುಟ್ಟದೊಂದು ಗುರುತು ಸಿಗುತ್ತದೆ: ತಲೆ ಕತ್ತರಿಸಿದ ಒಂದು ಶಂಕು, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ಕಾರ್ಖಾನೆಯ ನಕ್ಷೆಗಳಲ್ಲಿ ಇದು ಶೀಟಿನ ಮೂಲೆಯಲ್ಲಿ, ಹೆಸರು ತಾರೀಖು ಬರೆಯುವ ಚೌಕದೊಳಗೆ ಇರುತ್ತದೆ. ಇಂದಿನ ಮಾತನ್ನು ಈ ಗುರುತಿನಿಂದಲೇ ಆರಂಭಿಸುತ್ತೇನೆ.

ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದಂತೆ ಕಾಗದದ ಮೇಲೆ ಬಿಡಿಸುವುದಕ್ಕೆ ಎರಡು ಪದ್ಧತಿಗಳಿವೆ. ಯೂರೋಪಿನಲ್ಲಿ ರೂಢಿಯಲ್ಲಿರುವುದು ಫಸ್ಟ್ ಆ್ಯಂಗಲ್. ನಮ್ಮ ಕಾಲೇಜುಗಳಲ್ಲಿ ಕಲಿಸುವುದೂ ಅದನ್ನೇ. ಇದರಲ್ಲಿ ಮೇಲಿನಿಂದ ಕಂಡ ನೋಟವನ್ನು ಕೆಳಗೆ, ಎಡದಿಂದ ಕಂಡದ್ದನ್ನು ಬಲಕ್ಕೆ ಬಿಡಿಸುತ್ತಾರೆ. ಅಮೆರಿಕದ ಪದ್ಧತಿ ಥರ್ಡ್ ಆ್ಯಂಗಲ್. ಅಲ್ಲಿ ಮೇಲಿನ ನೋಟ ಮೇಲೆಯೇ, ಎಡದ್ದು ಎಡಕ್ಕೇ. ಯಾವ ಪದ್ಧತಿ ಎಂದು ತಿಳಿಸುವುದೇ ಆ ಪುಟ್ಟ ಗುರುತಿನ ಕೆಲಸ. ಅದನ್ನು ಗಮನಿಸದೆ ಓದಿದವನು ಎಡದಲ್ಲಿರಬೇಕಾದ ತೂತನ್ನು ಬಲದಲ್ಲಿ ಕೊರೆಯುತ್ತಾನೆ. ಲೆಕ್ಕವೆಲ್ಲ ಸರಿ, ಲೋಹವೂ ಸರಿ, ಆದರೆ ತಯಾರಾದದ್ದು ಕನ್ನಡಿಯೊಳಗಿನ ಭಾಗ!

ಅಂಕಿಗಳಲ್ಲೂ ಇಂಥದೇ ಪೇಚು. ಜರ್ಮನಿಯಲ್ಲಿ ದಶಮಾಂಶಕ್ಕೆ ಚುಕ್ಕೆ ಇಡುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. ಅಲ್ಲಿಯ ನಕ್ಷೆಯಲ್ಲಿ 2,500 ಮಿಲಿಮೀಟರ್ ಎಂದಿದ್ದರೆ ಅದು ಎರಡೂವರೆ ಸಾವಿರವಲ್ಲ, ಎರಡೂವರೆ.

ನಾನು ಬಿ.ಎಸ್ಸಿ. ಮುಗಿಸಿ ಟೆಲಿವಿಷನ್ ಕೆಲಸಕ್ಕೆ ಬಂದವನು. ಹೊಸದರಲ್ಲಿ ಅಮೆರಿಕದಿಂದ ಬಂದ ಒಂದು ಟೇಪನ್ನು ನಮ್ಮ ಯಂತ್ರಕ್ಕೆ ಹಾಕಿದಾಗ ಚಿತ್ರ ಉರುಳಿದ್ದೇ ಉರುಳಿದ್ದು. ಯಂತ್ರ ಕೆಟ್ಟಿರಲಿಲ್ಲ. ನಮ್ಮದು 625 ಗೆರೆಗಳ, ಸೆಕೆಂಡಿಗೆ 25 ಚಿತ್ರಗಳ ಪದ್ಧತಿ. ಅವರದು 525 ಗೆರೆ, ಸುಮಾರು 30 ಚಿತ್ರ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅವರದು 60. ಚಿತ್ರಗಳ ಲೆಕ್ಕ ಮೊದಲು ಹುಟ್ಟಿದ್ದೇ ಅದರಿಂದ. ವಿಜ್ಞಾನ ಎಲ್ಲೆಲ್ಲೂ ಒಂದೇ ಎಂದು ಓದಿಕೊಂಡು ಬಂದವನಿಗೆ, ಅದನ್ನು ಬಳಕೆಗೆ ಇಳಿಸುವಾಗ ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ ಎಂದು ಅಂದು ತಿಳಿಯಿತು.

ಈ ಸಂಗತಿಯನ್ನು ಶಿಕ್ಷಣದೊಳಕ್ಕೆ ತಂದ ಒಂದು ಪ್ರಯೋಗ ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾನಿಲಯದ್ದು. 1987ರಲ್ಲಿ ಅಲ್ಲಿಯ ಜರ್ಮನ್ ಭಾಷೆಯ ಪ್ರಾಧ್ಯಾಪಕ ಜಾನ್ ಗ್ರ್ಯಾಂಡಿನ್ ಮತ್ತು ಇಂಜಿನಿಯರಿಂಗ್ ವಿಭಾಗದ ಡೀನ್ ಹರ್ಮನ್ ವೀಟ್ಸ್ ಜೊತೆಗೂಡಿ ಐದು ವರ್ಷದ ಒಂದು ಕೋರ್ಸ್ ಆರಂಭಿಸಿದರು. ವಿದ್ಯಾರ್ಥಿ ಎರಡು ಪದವಿ ಪಡೆಯುತ್ತಾನೆ: ಒಂದು ಇಂಜಿನಿಯರಿಂಗ್, ಇನ್ನೊಂದು ಜರ್ಮನ್ ಭಾಷೆ. ನಾಲ್ಕನೆಯ ವರ್ಷ ಪೂರ್ತಿ ಹೊರದೇಶದಲ್ಲಿ. ಒಂದು ಸೆಮಿಸ್ಟರ್ ಜರ್ಮನಿಯ ಬ್ರೌನ್‌ಶ್ವೈಗ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಪಾಠ, ಆಮೇಲೆ ಆರು ತಿಂಗಳು ಕಂಪನಿಯೊಂದರಲ್ಲಿ ದುಡಿಮೆ. ಮುಂದೆ ಫ್ರೆಂಚ್, ಸ್ಪ್ಯಾನಿಷ್, ಚೀನೀ ಭಾಷೆಗಳಿಗೂ ಇದು ಹಬ್ಬಿತು.

ನನಗೆ ಇದರಲ್ಲಿ ಹಿಡಿಸಿದ್ದು ಆ ಆರು ತಿಂಗಳು. ಹದಿನೈದು ದಿನ ಕಾರ್ಖಾನೆ ನೋಡಿ ಬಂದವನು ಅತಿಥಿ. ಅವನ ಮುಂದೆ ಎಲ್ಲರೂ ನಗುತ್ತಾರೆ, ಕಾಫಿ ಕೊಡುತ್ತಾರೆ. ಆರು ತಿಂಗಳು ಇದ್ದವನಿಗೆ ಮಾತ್ರ ಯಾರಾದರೂ ನಿಜವಾದ ಕೆಲಸ ಒಪ್ಪಿಸುತ್ತಾರೆ. ಕೆಲಸ ಕೆಟ್ಟರೆ ಬಯ್ಯುತ್ತಾರೆ. ಆ ಬೈಗುಳ ಅವನಿಗೆ ಅರ್ಥವಾಗಬೇಕಾದರೆ ಭಾಷೆಯೂ ಬೇಕು, ಯಂತ್ರವೂ ಗೊತ್ತಿರಬೇಕು. ಎರಡು ಪಾಠಗಳು ಒಂದಾಗುವುದು ಅಲ್ಲಿಯೇ. ಹೊರಡುವ ಮುನ್ನ ಮಕ್ಕಳನ್ನು ಒಂದು ಹಾಲಿನಲ್ಲಿ ಕೂರಿಸಿ, ಚಾಕು ಯಾವ ಕೈಯಲ್ಲಿ, ಫೋರ್ಕ್ ಯಾವ ಕೈಯಲ್ಲಿ ಎಂದು ಅರ್ಧ ದಿನ ಹೇಳಿ ಕಳಿಸುವುದಕ್ಕೂ ಸಂಸ್ಕೃತಿಯ ಪಾಠ ಎಂಬ ಹೆಸರಿದೆ. ಅದರಿಂದ ಊಟ ಮಾಡುವುದನ್ನು ಕಲಿಯಬಹುದು, ಅಷ್ಟೇ.

ಈ ಮಾತು ನನಗೆ ಪುಸ್ತಕದಿಂದಷ್ಟೇ ತಿಳಿದದ್ದಲ್ಲ. ನನ್ನ ಅಕ್ಕನ ಮಗ ಎಂ.ಎಸ್. ಓದಲು ಜರ್ಮನಿಗೆ ಹೋದ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಹಾಗಾಗಿ ಜರ್ಮನ್ ಕಲಿಯುವ ಗರಜಿಲ್ಲ ಎಂದು ಇಲ್ಲಿ ಯಾರೋ ಹೇಳಿದ್ದರು. ಭಾವ ಹಾಸನದ ಸೈಟು ಅಡವಿಟ್ಟಿದ್ದರು. ಹುಡುಗ ಅಲ್ಲಿ ನಮ್ಮ ಕಡೆಯ ಮೂವರ ಜೊತೆ ಮನೆ ಮಾಡಿದ, ಸಾರು-ಅನ್ನ ಮಾಡಿಕೊಂಡ, ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದ. ಕಂಪನಿಯೊಂದಕ್ಕೆ ತರಬೇತಿಗೆ ಸೇರಿದಾಗ ಬಂತು ತೊಂದರೆ.

ಒಂದು ಜಿಗ್ ವಿನ್ಯಾಸ ಮಾಡುವ ಕೆಲಸ. ಜಿಗ್ ಎಂದರೆ ಕೊರೆಯುವಾಗ ಭಾಗವನ್ನು ಅಲುಗದಂತೆ ಹಿಡಿದು, ಉಪಕರಣಕ್ಕೆ ದಾರಿ ತೋರಿಸುವ ಸಾಧನ. ಶುಕ್ರವಾರದೊಳಗೆ ಆಗುತ್ತದೆಯೇ ಎಂದು ಮೇಲಿನವರು ಕೇಳಿದರು. ಇವನು ಆಗುತ್ತದೆ ಎಂದ. ನಮ್ಮ ‘ಆಗುತ್ತೆ ಸಾರ್’ ನಿಮಗೆ ಗೊತ್ತಲ್ಲ? ಅದರಲ್ಲಿ ಪ್ರಯತ್ನ ಪಡುತ್ತೇನೆ ಎಂಬುದೂ ಇದೆ, ದೊಡ್ಡವರಿಗೆ ಎದುರು ಆಡಬಾರದು ಎಂಬುದೂ ಇದೆ, ದೇವರಿದ್ದಾನೆ ಎಂಬುದೂ ಇದೆ. ಅಲ್ಲಿ ಅದಕ್ಕೆ ಒಂದೇ ಅರ್ಥ: ಶುಕ್ರವಾರ ಮೇಜಿನ ಮೇಲೆ ಇರುತ್ತದೆ. ಶುಕ್ರವಾರ ಅದು ಇರಲಿಲ್ಲ. ಸೋಮವಾರ ಎಲ್ಲರೆದುರು ‘ಇದು ತಪ್ಪು’ ಎಂದರಂತೆ. ಅಷ್ಟೇ ಮಾತು. ರಾತ್ರಿ ಫೋನು ಮಾಡಿ, “ಮಾವ, ನಾನು ವಾಪಸು ಬಂದುಬಿಡ್ತೀನಿ, ಅಮ್ಮನಿಗೆ ನೀವೇ ಹೇಳಿ” ಎಂದ. ಸೈಟು ನೆನಪಾಗಿ ನಾನು ತುಸು ಗದರಿದೆ. ಗದರಬಾರದಿತ್ತು.

ಅವನನ್ನು ಉಳಿಸಿದ್ದು ಅದೇ ಕಾರ್ಖಾನೆಯ ವಯಸ್ಸಾದ ಒಬ್ಬ ಫಿಟ್ಟರ್. ಅವರಿಗೆ ಇಂಗ್ಲಿಷ್ ಬಾರದು. ಇವನು ಸಂಜೆ ತರಗತಿಗೆ ಸೇರಿ, ಹರಕುಮುರುಕು ಜರ್ಮನ್‌ನಲ್ಲಿ ಅವರನ್ನು ಕೇಳತೊಡಗಿದ. ಜರ್ಮನ್‌ನಲ್ಲಿಯೂ ನಮ್ಮಂತೆ ‘ನೀವು’, ‘ನೀನು’ ಬೇರೆ ಬೇರೆ. ಇಂಗ್ಲಿಷಿನವರಿಗೆ ಇದನ್ನು ವಿವರಿಸಬೇಕು, ಕನ್ನಡದ ಹುಡುಗನಿಗೆ ಬೇಡ. ಹಿರಿಯರು ತಾವಾಗಿ ಹೇಳುವವರೆಗೆ ‘ನೀನು’ ಎನ್ನಬಾರದು. ಮೂರು ತಿಂಗಳಾದ ಮೇಲೆ ಆ ಫಿಟ್ಟರ್ ಹೇಳಿದರಂತೆ. ಅಂದು ಬಂದ ಫೋನಿನಲ್ಲಿ ಹುಡುಗನ ದನಿಯೇ ಬೇರೆ. ಜಿಗ್‌ನಲ್ಲಿ ಅವನು ಮಾಡಿದ್ದ ತಪ್ಪು ಏನೆಂದು ಆ ಹೊತ್ತಿಗೆ ಅವನಿಗೇ ತಿಳಿದಿತ್ತು: ಭಾಗವನ್ನು ಒಳಗೆ ಕೂರಿಸುವವನ ಕೈಗೆ ಜಾಗವನ್ನೇ ಬಿಟ್ಟಿರಲಿಲ್ಲ.

ನಿಮ್ಮ ಮಕ್ಕಳು ಹೋಗುವುದಿದ್ದರೆ ಭಾಷೆಯನ್ನು ವೀಸಾ ಬಂದ ಮೇಲೆ ಅಲ್ಲ, ಇಲ್ಲಿಯ ಎರಡನೆಯ ವರ್ಷದಲ್ಲೇ ಶುರುಮಾಡಿಸಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ. ಕೋರ್ಸ್ ಆರಿಸುವಾಗ ಶುಲ್ಕವೆಷ್ಟು ಎಂದು ಕೇಳುವ ಹಾಗೆಯೇ, ಕಂಪನಿಯಲ್ಲಿ ಎಷ್ಟು ತಿಂಗಳು ಕೆಲಸ ಎಂದೂ ಕೇಳಿ. ಒಂದು ವರ್ಷ ಹೆಚ್ಚು ಹಿಡಿಯಬಹುದು. ಸಾಲದ ಬಡ್ಡಿ ಕಟ್ಟುವವರಿಗೆ ಅದು ಸಣ್ಣ ಮಾತಲ್ಲ ಎಂದು ಬಲ್ಲೆ. ಆದರೂ ಕೇಳಿ.

ಹೋದ ದೀಪಾವಳಿಗೆ ಹುಡುಗ ಬಂದಿದ್ದ. ಅಕ್ಕ ಹೋಳಿಗೆ ಬಡಿಸಿ, “ಇನ್ನೊಂದು ಹಾಕಲಾ?” ಎಂದಳು. “ಬೇಡ, ಸಾಕು” ಎಂದು ತಟ್ಟೆ ಸರಿಸಿದ. ಎರಡನೆಯ ಸಲ ಕೇಳಿದಾಗಲೂ ಬೇಡ ಎಂದ. ಅವಳು ಒಳಗೆ ಹೋಗಿ ನನ್ನನ್ನು ಕರೆದು, “ಏನೋ ಇವನು ಹೀಗಾಗಿಬಿಟ್ಟಿದ್ದಾನೆ, ಮಾತಿನಲ್ಲಿ ನಯವೇ ಇಲ್ಲ” ಎಂದಳು.